ಖಾಜಾ ಮಿಯಾ ಜಿಮ್ಮಿಗೆ ಹೋದದ್ದು

ಚಿದ್ರಿ, ಬೀದರ
11 ನವೆಂಬರ್ 2025

ಪ್ರೀತಿಯ ಗೆಳೆಯ ಹಾವಗೆಪ್ಪನಿಗೆ,

ನಿನ್ನ ಖಾಜಾ ಮಿಯಾನ ಸಲಾಂ, ಶರಣು. ಬರೆಯುವುದು ತಡವಾಯಿತು, ಒಂದು ವರ್ಷಕ್ಕೂ ಮಿಕ್ಕಿ ತಡವಾಯಿತು. ತಪ್ಪು ನನ್ನದೇ. ಫೋನು ಹಚ್ಚಿದಾಗಲೆಲ್ಲ ನೀನು “ಆರಾಮ ಇದ್ದೇನ್ರಿ, ಇಡ್ತೇನಿ” ಎಂದು ಇಟ್ಟುಬಿಡುತ್ತೀ. ಕಾಗದವನ್ನಾದರೂ ಕೊನೆಯವರೆಗೆ ಓದುತ್ತೀ ಎಂದು ಬರೆಯಲು ಕೂತಿದ್ದೇನೆ. ನಿಮ್ಮೂರು ಎಕಂಬಾದಲ್ಲಿ ಈ ಸಲ ತೊಗರಿ ಹೇಗಿದೆ? ನಿನ್ನ ಕಣ್ಣಿನ ಪೊರೆ ತೆಗೆಸಿದೆಯಂತೆ, ಕೇಳಿ ಸಂತೋಷವಾಯಿತು.

ನನ್ನ ಸುದ್ದಿ ಕೇಳಿದರೆ ನಗುತ್ತೀ. ನಾನು ಜಿಮ್ಮಿಗೆ ಹೋಗುತ್ತಿದ್ದೇನೆ, ಐದು ತಿಂಗಳಾಯಿತು. ನಾನು ಸ್ಟೇರಿಂಗ್ ಹಿಡಿದು, ನೀನು ಟಿಕೆಟ್ ಹರಿದು, ಭಾಲ್ಕಿ–ಔರಾದ ಬಸ್ಸಿನಲ್ಲಿ ಹತ್ತೊಂಬತ್ತು ವರ್ಷ ಕಳೆದೆವಲ್ಲ. ನೀನು ನಿಂತೇ ಕಳೆದೆ, ನಾನು ಕೂತೇ ಕಳೆದೆ. ನಿವೃತ್ತಿಯಾದ ಮೇಲೆ ಅದೆಲ್ಲ ಹೊಟ್ಟೆಗೆ ಬಂತು. ತೂಕ ತೊಂಬತ್ತಾರು ಕಿಲೋ. ಡಾಕ್ಟರ್ ಎಲ್ಲ ತಪಾಸಣೆ ಮಾಡಿ, “ನಿಮ್ಮ ದಿಲ್ ಚಲೋ ಅದರಿ. ನೀವೇ ಅದಕ್ಕ ಕೆಲಸ ಕೊಡವಲ್ರಿ” ಎಂದರು.

ಮಗಳು ನಿಖತಳೇ ಹೋಗಿ ಹೆಸರು ಹಚ್ಚಿ, ಒಂದು ಟ್ರ್ಯಾಕ್ ಪ್ಯಾಂಟ್ ತಂದಳು. ನಾನು ಅದನ್ನು ಹಾಕಿಕೊಂಡು ಹೊರಗೆ ಬಂದದ್ದೇ ತಡ, ಆಬೇದಾ ಅಕ್ಕಿ ಆರಿಸುವುದನ್ನು ಬಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಲಗ್ನದಾಗೂ ಇಷ್ಟು ತಯಾರಾಗಿರಲಿಲ್ಲ ನೀವು” ಎಂದಳು. ನಾಲ್ವತ್ತು ವರ್ಷದ ಸಂಸಾರ, ಅಂಗಿ ಕೆಳಗೆಳೆದುಕೊಂಡು ಹೊರಟೆ.

ಜಿಮ್ಮು ಕಿರಾಣಿ ಅಂಗಡಿಯ ಮಾಳಿಗೆಯ ಮೇಲಿದೆ. ಮೊದಲ ದಿನ ಮೆಟ್ಟಿಲಲ್ಲೇ ಎರಡು ಸಲ ನಿಂತೆ. ಕಲಿಸುವವರು ಅನೀಲಕುಮಾರ, ಫೌಜಿನಿಂದ ನಿವೃತ್ತರಾದವರು, ಜನವಾಡದಿಂದ ಬೈಕಿನ ಮೇಲೆ ಬರುತ್ತಾರೆ. “ಚಾಚಾ, ಮೊದಲ ವಾರ ಬರೀ ಕೈಕಾಲು ಸಡಿಲ ಮಾಡೂಣ್ರಿ” ಎಂದರು. ನನಗೆ ಸಿಟ್ಟು ಬಂತು. ಹರೆಯದಲ್ಲಿ ಭಾಲ್ಕಿಯ ತಾಲೀಮು ಮನೆಯಲ್ಲಿ ನೂರು ದಂಡ ಹೊಡೆದವನು ನಾನು, ನೀನೇ ಎಣಿಸಿದವನು. ಅವರು ಆ ಕಡೆ ತಿರುಗಿದ ಕೂಡಲೇ ಕಾಲಿನಿಂದ ಒತ್ತುವ ಒಂದು ಮಷೀನಿನಲ್ಲಿ ಕೂತೆ. ನನಗಿಂತ ಮುಂಚೆ ಕೂತ ಪೈಲವಾನ ಎಷ್ಟು ತೂಕ ಇಟ್ಟಿದ್ದನೋ ನೋಡಲಿಲ್ಲ. ಎರಡು ಸಲ ಒತ್ತಿದೆ. ಮೂರನೆಯ ಸಲಕ್ಕೆ ತೊಡೆಯೊಳಗೆ ಬಟ್ಟೆ ಹರಿದ ಹಾಗಾಯಿತು.

ಹದಿನೈದು ದಿನ ಗೋಡೆ ಹಿಡಿದು ನಡೆದೆ. ಇನ್ನು ಸಾಕು ಎಂದು ಪ್ಯಾಂಟನ್ನು ಗಂಟು ಕಟ್ಟಿಟ್ಟೆ. ಆಗ ಅನೀಲಕುಮಾರರೇ ಮನೆಗೆ ಬಂದರು. ಚಹಾ ಕುಡಿದು, ಬೈಯದೆ ಒಂದೇ ಮಾತು ಕೇಳಿದರು. “ಚಾಚಾ, ಡಿಪೋದಾಗಿಂದ ಗಾಡಿ ಹೊರಗ ತೆಗೆಯೂ ಮೊದಲ ನೀವೇನ ಮಾಡ್ತಿದ್ರಿ?”

“ಟಾಯರ್ ನೋಡ್ತಿದ್ದೆ, ಬ್ರೇಕ್ ನೋಡ್ತಿದ್ದೆ, ಸೀಟು ಸರಿ ಮಾಡ್ಕೊಂತಿದ್ದೆ.”

“ಇಲ್ಲೂ ಅಷ್ಟೇ ಅದರಿ. ಮೊದಲ ಸೀಟು, ಆಮ್ಯಾಲ ತೂಕ, ಆಮ್ಯಾಲ ನೀವು.”

ಅಂದಿನಿಂದ ನಾನು ಸುಧಾರಿಸಿದೆ. ತೂಕದ ಫಲಕಗಳ ನಡುವೆ ಸಿಕ್ಕಿಸುವ ಕಬ್ಬಿಣದ ಕಡ್ಡಿಯನ್ನು ಈಗ ನಾನೇ ತೆಗೆದು ಎಲ್ಲಕ್ಕಿಂತ ಮೇಲಿನ, ಕಡಿಮೆ ತೂಕದ ತೂತಿಗೆ ಹಾಕುತ್ತೇನೆ. ಎಳೆಯುವಾಗ ಉಸಿರು ಬಿಡುತ್ತೇನೆ, ಬಿಡುವಾಗ ಸಾವಕಾಶ ಬಿಡುತ್ತೇನೆ. ಒಂದು ದಿನ ಮಾಡಿದರೆ ಒಂದು ದಿನ ವಿಶ್ರಾಂತಿ. ನಡೆಯುವ ಪಟ್ಟಿಯ ಮಷೀನು ಹತ್ತಿದಾಗ ಅಂಗಿಗೆ ಒಂದು ದಾರದ ಕ್ಲಿಪ್ಪು ಸಿಕ್ಕಿಸುತ್ತಾರೆ. ನಾವು ಹಿಂದೆ ಜಾರಿದರೆ ದಾರ ಕಿತ್ತು ಮಷೀನು ತಾನೇ ನಿಲ್ಲುತ್ತದೆ. ನಮ್ಮ ಆ ಹಳೆಯ ಗಾಡಿಗೆ ಇಂಥ ದಾರ ಇದ್ದಿದ್ದರೆ ನನಗೆ ಎಷ್ಟು ನೆಮ್ಮದಿ ಇರುತ್ತಿತ್ತು.

ಪಕ್ಕದ ಸೈಕಲ್ಲಿನ ಮೇಲೆ ಶಿವಕಾಂತಾ ಬಾಯಿ ಎಂಬ ನಿವೃತ್ತ ಹೆಡ್‌ಮೇಡಂ ಕೂಡುತ್ತಾರೆ. ಸೀರೆಯನ್ನು ಮೊಣಕಾಲವರೆಗೆ ಗಟ್ಟಿಯಾಗಿ ಸುತ್ತಿಕೊಂಡು, ಬೂಟು ಹಾಕಿಕೊಂಡು ತುಳಿಯುತ್ತಾರೆ. ನಾನು ಏದುಸಿರು ಬಿಡುವುದನ್ನು ನೋಡಿ, “ಮಿಯಾರ, ನಿಮ್ಮ ಗಾಡಿ ಎಲ್ಲಿಗಿ ಹೊಂಟದರಿ?” ಎಂದು ಕೇಳಿದರು.

“ಔರಾದಕ್ಕ ಹೊಂಟದ ಬಾಯಿ, ಇನ್ನಾ ಸ್ಟ್ಯಾಂಡ್ ಬಿಟ್ಟಿಲ್ಲ.”

“ನಂದು ಭಾಲ್ಕಿ ದಾಟ್ತು ನೋಡ್ರಿ.”

ಜಿಮ್ಮೆಲ್ಲ ನಕ್ಕಿತು. ಮಾತಾಡುತ್ತ ನಡೆಯಲು ಬರಬೇಕು, ಮಾತು ನಿಂತಿತೆಂದರೆ ವೇಗ ಹೆಚ್ಚಾಯಿತು ಎಂದು ತಿಳಿಯಿರಿ ಎನ್ನುತ್ತಾರೆ ಅನೀಲಕುಮಾರ. ಹಾಗಾಗಿ ಶಿವಕಾಂತಾ ಬಾಯಿ ನನ್ನನ್ನು ಪ್ರಶ್ನೆ ಕೇಳುತ್ತಲೇ ಇರುತ್ತಾರೆ, ನಾನು ಸಾಲಿ ಹುಡುಗನ ಹಾಗೆ ಉತ್ತರ ಕೊಡುತ್ತಲೇ ಇರುತ್ತೇನೆ. ಹೋದ ವಾರ ಎರಡು ಕಿಲೋಮೀಟರ್ ನಿಲ್ಲದೆ ನಡೆದೆ. ತೂಕ ಎಂಬತ್ತೇಳಕ್ಕೆ ಇಳಿದಿದೆ. ಗ್ಯಾಸ್ ಸಿಲಿಂಡರನ್ನು ಅಡಿಗೆಮನೆಗೆ ನಾನೇ ಎತ್ತಿ ಇಟ್ಟೆ. ಅಂದು ಊಟಕ್ಕೆ ಆಬೇದಾ ಎರಡು ಕಬಾಬು ಹೆಚ್ಚು ಬಡಿಸಿದಳು. ಅನೀಲಕುಮಾರರಿಗೆ ಇದನ್ನು ಹೇಳಿಲ್ಲ.

ನಿನ್ನ ಆರೋಗ್ಯ ಜೋಪಾನ. ಮಗ ವೀರಭದ್ರನಿಗೂ ಮೊಮ್ಮಕ್ಕಳಿಗೂ ನಮ್ಮಿಬ್ಬರ ದುವಾ. ಅವರ ಮನೆ ತುಂಬಿರಲಿ, ನಿನ್ನ ಹೊಲ ಹಸಿರಾಗಿರಲಿ.

ಇಂತಿ ನಿನ್ನ,
ಖಾಜಾ ಮಿಯಾ

ತಾ.ಕ.: ಇಷ್ಟು ಬರೆದು ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಡಾಕ್ಟರ್ ನಡೆಯಿರಿ ಎಂದು ಹೇಳಿದ್ದು ನಿಜ. ಆದರೆ ಅವರು ಎರಡು ವರ್ಷದಿಂದ ಹೇಳುತ್ತಿದ್ದರು, ನಾನು ಕೇಳಿರಲಿಲ್ಲ. ಈ ವರ್ಷ ಮೇ ತಿಂಗಳಲ್ಲಿ ಔರಾದದಲ್ಲಿ ನಿಮ್ಮೂರಿನ ಕಾಶೀರಾಮ ಸಿಕ್ಕ. “ಹಾವಗೆಪ್ಪ ಕಾಕಾ ನಿಮ್ಮ ಮ್ಯಾಲ ಭಾಳ ನೊಂದಾರ” ಎಂದ. “ನನ್ನ ಮನಿ ರೊಟ್ಟಿ ತಿಂದಂವ, ಹೆಗಲ ಕೊಡೂ ಹೊತ್ತಿಗಿ ಹಿಂದಕ್ಕ ಸರದ, ನಮ್ಮ ಜಾತಿ ನೆನಪಾತು ಅವಗ” ಎಂದು ನೀನು ಅಂದೆಯಂತೆ.

ಹಾವಗೆಪ್ಪ, ಹೋದ ವರ್ಷ ನಿನ್ನ ಮನೆಯಾಕೆ ಶಶಿಕಲಾ ತೀರಿಕೊಂಡ ದಿನ, ನೀನು ನನ್ನನ್ನು ಕರೆದು ಹೆಗಲು ಕೊಡು ಎಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಷ್ಟು ವರ್ಷ ಅಣ್ಣ ಎಂದು ಕರೆದು ನನಗೂ ಬುತ್ತಿ ಕಟ್ಟಿದ ತಂಗಿ. ನಿಮ್ಮ ಮನೆಯ ದಿಬ್ಬ ಹತ್ತಿ ಬರುವಷ್ಟರಲ್ಲೇ ಏದುಸಿರು ಬಂದು ಗೋಡೆ ಹಿಡಿದು ನಿಂತಿದ್ದೆ. ನಾನು ಎಡವಿ ಅಷ್ಟು ಜನರ ನಡುವೆ ಅವಳನ್ನು ಬೀಳಿಸಿಬಿಟ್ಟರೆ ಎಂದು ಅಂಜಿ ಹಿಂದೆ ಸರಿದೆ. ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಇರುವ ಕಾರಣ ಇಷ್ಟೇ.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ರಸ್ತೆಯಿಂದ ಹೊಲದಲ್ಲಿರುವ ಅವಳ ಸಮಾಧಿಯವರೆಗೆ ನಡೆದೇ ಬರುತ್ತೇನೆ, ವೀರಭದ್ರನಿಗೆ ಬೈಕ್ ಕಳಿಸಬೇಡ ಎನ್ನು. ನೀನು ಅಲ್ಲೇ ಇರು. ಬೈಯುವುದಿದ್ದರೆ ಎದುರಿಗೆ ನಿಂತು ಬೈ, ಆದರೆ ಮೊದಲಿನ ಹಾಗೆ ‘ಲೇ ಖಾಜಾ’ ಎಂದು ಕರೆದು ಬೈ.