ಕೊನೆಯ ಪುಟ ನನ್ನ ಕೈಯದು

ಪುನಶ್ಚೇತನ ವಿಭಾಗ,
ಮೂರನೇ ವಾರ್ಡು, ಕಿಟಕಿ ಪಕ್ಕದ ಮಂಚ
ತಾರೀಕು ೧೪, ಬುಧವಾರ ಮಧ್ಯಾಹ್ನ

ಪ್ರೀತಿಯ ಮಗಳು ಕತ್ತರಿಗೆ,

ನಿಮ್ಮಪ್ಪನ ಆಶೀರ್ವಾದಗಳು. ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಸಿದರೆ ಸುಳ್ಳಾದೀತು, ಚೆನ್ನಾಗಿಲ್ಲ ಎಂದು ಬರೆಸಿದರೆ ನಿಮ್ಮಮ್ಮ ಬಯ್ಯುತ್ತಾಳೆ. ಆದ್ದರಿಂದ ಇದ್ದೇವೆ ಎಂದಷ್ಟೇ ತಿಳಿದುಕೋ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯ, ದಿನವಿಡೀ ನಿಂತು ಕಾಲು ಊದಿಸಿಕೊಳ್ಳುತ್ತಿಲ್ಲ ಎಂದುಕೊಂಡಿದ್ದೇನೆ. ನೀನು ಕೆಲಸ ಮಾಡುವ ಸಲೂನಿನಲ್ಲಿ ಆರು ಕುರ್ಚಿಗಳಿವೆಯಂತೆ, ಎಲ್ಲರೂ ನಿನ್ನ ಕುರ್ಚಿಗೇ ಕಾಯುತ್ತಾರಂತೆ. ಅಮ್ಮ ಹೇಳಿದಳು.

ತಡವಾದದ್ದಕ್ಕೆ ಕ್ಷಮಿಸು ಎನ್ನಬೇಕು. ಆದರೆ ಎರಡು ವರ್ಷವನ್ನು ತಡ ಎನ್ನಲು ನನಗೇ ನಾಚಿಕೆ. ನೀನು ಮನೆ ಬಿಟ್ಟ ಮೇಲೆ ಅಮ್ಮನಿಗೆ ಹೇಳಿದ್ದೆಯಂತೆ, "ಅಪ್ಪನ ಹತ್ರ ಫೋನಲ್ಲಿ ಮಾತಾಡಲ್ಲ. ಆ ದಿನ ಅಂಗಡೀಲಿ ಏನಾಯ್ತು ಅಂತ ಅವರೇ, ಅವರ ಕೈಯಲ್ಲೇ ಬರೆದು ಕಳಿಸ್ಲಿ. ಆಮೇಲೆ ಬರೋದು ನೋಡ್ತೀನಿ" ಎಂದು. ಆಗ ನನ್ನ ಬಲಗೈ ನೆಟ್ಟಗಿತ್ತು, ಬರೆಯುವ ಮನಸ್ಸಿರಲಿಲ್ಲ. ಇವತ್ತು ಬರೆಯೋಣ, ನಾಳೆ ಬರೆಯೋಣ ಎನ್ನುತ್ತಿದ್ದಾಗ ಲಕ್ವ ಹೊಡೆದು ಕೈಯೇ ಹೋಯಿತು.

ಈ ದುಂಡಗಿನ ಅಕ್ಷರ ನೋಡಿ ಮೋಸ ಹೋಗಬೇಡ. ಇದು ಪಕ್ಕದ ಮಂಚದ ಮೇಷ್ಟ್ರ ಕೈ. ಸೊಂಟದ ಮೂಳೆ ಮುರಿದುಕೊಂಡು ಬಂದು, ಈಗ ವಾಕರ್ ಹಿಡಿದು ವಾರ್ಡು ಸುತ್ತುತ್ತಾರೆ. ನಾನು ಹೇಳುತ್ತೇನೆ, ಅವರು ಬರೆಯುತ್ತಾರೆ, ನಡುನಡುವೆ ನನ್ನ ಭಾಷೆ ತಿದ್ದುತ್ತಾರೆ. (ತಿದ್ದದೆ ಬಿಟ್ಟರೆ ನಿಮ್ಮಪ್ಪನ ವಾಕ್ಯಕ್ಕೆ ತಲೆಯಿದ್ದರೆ ಬಾಲ ಇರುವುದಿಲ್ಲ ಮಗು. ಇಂತಿ ಮೇಷ್ಟ್ರು.) ಕೊನೆಯ ಪುಟ ಮಾತ್ರ ನಾನೇ ಬರೆದದ್ದು. ಅದನ್ನು ಮೇಷ್ಟ್ರಿಗೂ ತೋರಿಸಿಲ್ಲ. ನೀನು ಕೇಳಿದ್ದು ಅದರಲ್ಲಿದೆ. ಮೊದಲು ಅದನ್ನೇ ಓದಬೇಕೆನಿಸಿದರೆ ಓದು, ಬೇಸರವಿಲ್ಲ.

ನನಗೆ ಆದದ್ದನ್ನು ಅಮ್ಮ ಪೂರ್ತಿ ಹೇಳಿರಲಾರಳು. ನಾಲ್ಕೂವರೆ ತಿಂಗಳ ಹಿಂದೆ, ಬೆಳಿಗ್ಗೆ ಮೊದಲ ಗಿರಾಕಿಗೆ ಗಡ್ಡ ಹೆರೆಯುತ್ತಿದ್ದೆ. ಎಡಗೆನ್ನೆ ಮುಗಿದಿತ್ತು. ಬಲಗೆನ್ನೆಗೆ ಕತ್ತಿ ಇಡಬೇಕು, ಕತ್ತಿ ನೆಲದ ಮೇಲಿತ್ತು. ಬಿದ್ದದ್ದು ಕೈಗೆ ಗೊತ್ತೇ ಆಗಲಿಲ್ಲ. ಆಮೇಲೆ ನಾನೂ ಬಿದ್ದೆ. ಪಾಪ, ಆ ಮನುಷ್ಯ ಅರ್ಧ ಮುಖದ ನೊರೆ ಒರೆಸಿಕೊಂಡು ಗಾಡಿ ಹುಡುಕಲು ಓಡಿದ, ಸಂಜೆಯ ತನಕ ಆಸ್ಪತ್ರೆಯಲ್ಲಿ ಅರ್ಧ ಗಡ್ಡದಲ್ಲೇ ಕೂತಿದ್ದ. ಮೂವತ್ತೊಂದು ವರ್ಷದಲ್ಲಿ ನನ್ನ ಕುರ್ಚಿಯಿಂದ ಅರ್ಧಕ್ಕೆ ಎದ್ದುಹೋದವನು ಅವನೊಬ್ಬನೇ.

ಒಂದು ತಿಂಗಳು ಬಾಯಿ ಸೊಟ್ಟಗಿತ್ತು, ಆಮೇಲೆ ಮಾತು ತಿರುಗಿ ಬಂತು. ಕಾಲು ಎಳೆದುಕೊಂಡಾದರೂ ಬಂತು. ಕೈ ಬರಲಿಲ್ಲ. ಡಾಕ್ಟರು ದಿನಾ ಸೂಜಿಯ ಮೊನೆಯಿಂದ ಮುಟ್ಟಿ "ತಿಳೀತಾ?" ಎನ್ನುವರು. "ಇಲ್ಲ." ಇನ್ನೊಂದು ಬೆರಳು. "ಇಲ್ಲ." ನಿಮ್ಮಮ್ಮ ಮುಖ ತಿರುಗಿಸಿಕೊಂಡು ಅಳುವಳು. ನಾನು ಅವಳನ್ನು ನೋಡುತ್ತಾ ಕೂತಿರುತ್ತಿದ್ದೆ. ನನಗೂ ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಎದೆಗೂ ಸೂಜಿ ಮುಟ್ಟಿಸಿ ಕೇಳಿದ್ದರೆ ಅಲ್ಲೂ ಇಲ್ಲ ಎಂದೇ ಹೇಳುತ್ತಿದ್ದೆ. ಊಟ ಊಟದಂತಿರಲಿಲ್ಲ, ಭಾನುವಾರ ಭಾನುವಾರದಂತಿರಲಿಲ್ಲ. ಈಗಲೂ ಹೆಚ್ಚುಕಡಿಮೆ ಹಾಗೆಯೇ ಇದೆ.

ಕೈ ತಿರುಗಿ ಬರುವುದಿದ್ದರೆ ಮೊದಲ ಆರು ತಿಂಗಳಲ್ಲೇ ಹೆಚ್ಚು ಬರಬೇಕು ಎಂದು ಡಾಕ್ಟರು ಹೇಳಿದರು. ಅದನ್ನು ಕೇಳಿದಾಗ ಅಂಗಡಿ ನೆನಪಾಗಲಿಲ್ಲ. ನೀನು ಕೇಳಿದ ಕಾಗದ ನೆನಪಾಯಿತು. "ಒಂದು ಪುಟ ಬರೆಯೋ ಅಷ್ಟು ಬಂದ್ರೆ ಸಾಕು" ಎಂದೆ. "ಕ್ಷೌರದೋರು ನೀವು, ಕತ್ತರಿ ಕೇಳೋದು ಬಿಟ್ಟು ಪೆನ್ಸಿಲ್ ಕೇಳ್ತೀರಲ್ಲ" ಎಂದು ಅವರು ನಕ್ಕರು. ನನ್ನನ್ನು ಕನ್ನಡಕದ ಕೋಣೆಗೆ ಕಳಿಸಿದರು.

ಅದು ನಾವು ಹಾಕುವ ಕನ್ನಡಕವಲ್ಲ. ಮುಖಕ್ಕೆ ಕಟ್ಟುವ ಕಪ್ಪು ಡಬ್ಬಿ, ತಲೆಯ ಹಿಂದೆ ಪಟ್ಟಿ, ಒಳಗಿನ ಮೆತ್ತೆಗೆ ಸ್ಪಿರಿಟ್ಟಿನ ವಾಸನೆ. ಮಣಿಕಟ್ಟಿಗೆ ಬಳೆಯಂಥದ್ದೊಂದನ್ನು ತೊಡಿಸುತ್ತಾರೆ, ಕೈ ಎಲ್ಲಿದೆಯೆಂದು ಅದು ಕಂಪ್ಯೂಟರಿಗೆ ತಿಳಿಸುತ್ತದಂತೆ. ಹಾಕಿಕೊಂಡರೆ ಆಸ್ಪತ್ರೆ ಮಾಯ, ಸುತ್ತ ಬೇರೆಯೇ ಜಾಗ. ವರ್ಚುವಲ್ ರಿಯಾಲಿಟಿ ಎನ್ನುತ್ತಾರೆ. ಮೇಷ್ಟ್ರು ಅದಕ್ಕೆ ‘ಇಲ್ಲದ ಲೋಕ’ ಎಂದು ಹೆಸರಿಟ್ಟಿದ್ದಾರೆ. ಅದನ್ನು ನಡೆಸುವ ಥೆರಪಿಸ್ಟ್ ಹೆಣ್ಣುಮಗಳು ವಾರ್ಡಿಗೆಲ್ಲ ಕನ್ನಡಕದಮ್ಮ. ನಿನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಹಿಂದುಗಡೆ ಕೂದಲು ಎಡಕ್ಕಿಂತ ಬಲಕ್ಕೆ ಒಂದು ಬೆರಳು ಉದ್ದ ಇದೆ, ಯಾರೋ ಅವಸರದಲ್ಲಿ ಕತ್ತರಿಸಿದ್ದಾರೆ. ಹೇಳಲು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಮೊದಲು ಸೇಬಿನ ಮರ. ಕಿತ್ತು ಬುಟ್ಟಿಗೆ ಹಾಕಬೇಕು. ಆಮೇಲೆ ಬುದ್ಧಿಗೆ ಕಸರತ್ತು: ಒಂದು ದಿನಸಿ ಅಂಗಡಿ, ಏಳು ಸಾಮಾನಿನ ಪಟ್ಟಿ ಓದಿ ಹೇಳುತ್ತಾಳೆ, ನೆನಪಿಟ್ಟುಕೊಂಡು ಆರಿಸಬೇಕು. ಉಪ್ಪು, ಸೋಪು, ಹಾಲು ಎಲ್ಲ ಬರುತ್ತವೆ. ದಾರದ ಉಂಡೆ ಮಾತ್ರ ದಿನಾ ಮರೆತುಹೋಗುತ್ತದೆ. ಯಾವ ಗಿರಾಕಿಯ ತಲೆಯಲ್ಲಿ ಎಲ್ಲಿ ಸುಳಿಯಿದೆ ಎಂದು ಕೇಳಿದರೆ ಈಗಲೂ ಇನ್ನೂರು ತಲೆ ಹೇಳಬಲ್ಲೆ, ದಾರ ನೆನಪಿಲ್ಲ. "ನಿಮಗೆ ದಾರದ ಮೇಲೆ ಏನೋ ಹಳೇ ಸಿಟ್ಟಿರ್ಬೇಕು" ಎಂದು ಅವಳು ತಮಾಷೆ ಮಾಡುತ್ತಿದ್ದಳು.

ಮೂರನೆಯ ವಾರ ಅವಳು ನಿಮ್ಮಮ್ಮನಿಂದ ನಮ್ಮ ಅಂಗಡಿಯ ಫೋಟೋಗಳನ್ನು ತರಿಸಿಕೊಂಡಳು. ಒಂದು ದಿನ ಕನ್ನಡಕ ಹಾಕಿಕೊಂಡರೆ ನಾನು ಅಂಗಡಿಯಲ್ಲಿದ್ದೆ! ಟೇಪು ಸುತ್ತಿದ ಕೆಂಪು ಕುರ್ಚಿ, ನೀರು ಚಿಮುಕಿಸುವ ಬಾಟಲಿ, ಮೂಲೆಯಲ್ಲಿ ನೀನು ಚಿಕ್ಕವಳಿದ್ದಾಗ ಹತ್ತಿ ನಿಲ್ಲುತ್ತಿದ್ದ ಮಣೆ. ಕುರ್ಚಿಯಲ್ಲಿ ಒಬ್ಬ ಗಿರಾಕಿ, ಅವನಿಗೆ ಕೂದಲು ಇದೆ, ಮುಖ ಇಲ್ಲ. ಎದುರಿಗೆ ನಮ್ಮ ಉದ್ದ ಕನ್ನಡಿ. ಅದರಲ್ಲಿ ಗಿರಾಕಿ ಕಂಡ, ಎರಡು ಕೈ ಕಂಡವು, ನಾನು ಕಾಣಲಿಲ್ಲ. ಹೆದರಿಕೆ ಆಗಬೇಕಿತ್ತೇನೋ. ಸರಿ, ಹೀಗೂ ಇರಬಹುದು ಎಂದುಕೊಂಡು ಬಾಚಣಿಗೆಗೆ ಕೈ ಚಾಚಿದೆ.

ಅಲ್ಲಿ ನನ್ನ ಬಲಗೈ ಎದ್ದು ಬಾಚುತ್ತಿತ್ತು. ಹೊರಗಿನ ಪರದೆಯಲ್ಲಿ ಅದನ್ನು ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದರು, ನಿಮ್ಮಮ್ಮ ಮತ್ತೆ ಅತ್ತಳು. ನಾಲ್ಕು ದಿನ ಬಿಟ್ಟು, ಕನ್ನಡಕದೊಳಗೆ ಮೂಗಿನ ಹತ್ತಿರದ ಸಂದಿಯಿಂದ ಕೆಳಗೆ ಇಣುಕಿದೆ. ನಿಜವಾದ ಕೈ ತೊಡೆಯಿಂದ ಒಂದು ಬೆರಳಿನಷ್ಟು ಮೇಲೆ ಎದ್ದು ನಡುಗುತ್ತಿತ್ತು, ಅಷ್ಟೇ. ಅಲ್ಲಿ ಅದು ತಲೆ ಬಾಚುತ್ತಿತ್ತು. "ಏನಮ್ಮಾ ಇದು, ನನಗೇ ಟೋಪಿ ಹಾಕ್ತಿದ್ದೀಯಲ್ಲ" ಎಂದೆ.

"ಟೋಪಿ ಅಲ್ಲ ಯಜಮಾನ್ರೇ. ನೀವು ಒಂದಿಂಚು ಎತ್ತಿದ್ರೆ ಹತ್ತಿಂಚು ತೋರಿಸ್ತೀನಿ. ಮಿದುಳಿಗೆ ಧೈರ್ಯ ಬರ್ಲಿ ಅಂತ. ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತೀನಿ. ಕೊನೆಗೆ ಎಷ್ಟು ಎತ್ತೀರೋ ಅಷ್ಟೇ ಕಾಣುತ್ತೆ."

ಅವಳು ಮಾತಿಗೆ ತಪ್ಪಲಿಲ್ಲ. ಅಲ್ಲಿನ ಕೈ ದಿನದಿನಕ್ಕೆ ಸೋಮಾರಿಯಾಯಿತು, ಇಲ್ಲಿನದು ಒಂದು ಬೆರಳು, ಎರಡು ಬೆರಳು, ಒಂದು ಗೇಣು ಎಂದು ಏರಿತು. ಆಮೇಲೆ ನನ್ನನ್ನು ನಿಲ್ಲಿಸಿ ಮಾಡಿಸತೊಡಗಿದಳು. ಆಗಲೇ ನಾನು ಬಿದ್ದದ್ದು. ನಿನಗೆ ಗೊತ್ತಲ್ಲ, ನಮ್ಮ ಕಸುಬಿನವರು ಎರಡು ಕಾಲಿನ ಮೇಲೆ ದಿನ ಕಳೆಯುವುದಿಲ್ಲ. ಸೊಂಟದ ಒಂದು ಮಗ್ಗುಲನ್ನು ಕುರ್ಚಿಯ ತೋಳಿಗೆ ಆನಿಸಿಯೇ ಸಂಜೆ ಮಾಡುತ್ತೇವೆ. ನಿನಗೂ ಅದನ್ನು ಹೇಳಿಕೊಟ್ಟವನು ನಾನೇ. ಆ ದಿನ ಕಿವಿಯ ಹಿಂದಿನ ಕೂದಲು ಕತ್ತರಿಸುತ್ತಾ, ಎಂದಿನಂತೆ ಕುರ್ಚಿಗೆ ಸೊಂಟ ಆನಿಸಿದೆ. ಕುರ್ಚಿ ಇರಲಿಲ್ಲ.

ದಪ್ಪ ಚಾಪೆ ಹಾಸಿದ್ದರಿಂದ ಹಲ್ಲು ಉಳಿಯಿತು. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಮೊದಲು ನಕ್ಕರು, ಆಮೇಲೆ ಕೂಗಿಕೊಂಡರು. (ಕ್ರಮ ಅದಲುಬದಲಾಗಿದೆ. ಮೊದಲು ಕೂಗಿದೆ.) ಕನ್ನಡಕದಮ್ಮ ಬಿಳಿಚಿಕೊಂಡು ಓಡಿ ಬಂದಳು. "ಇಲ್ಲದ ಕುರ್ಚಿಗೆ ಒರಗಿದೋರು ನೀವೇ ಮೊದಲು!" ಎನ್ನುತ್ತಾ ನನ್ನನ್ನು ಮಗ್ಗುಲಾಗಿಸಿದಳು. ಬಲಗೈ ನನ್ನ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡಿತ್ತು. ನೋವಾಗಿರಲಿಲ್ಲ, ನೋವು ತಿಳಿಯಬೇಕಲ್ಲ.

"ಬೀಳೋವಾಗ ಈ ಕೈ ಮುಂದೆ ಬಂದು ನೆಲ ಹಿಡೀಬೇಕಿತ್ತು. ಎಲ್ಲರಿಗೂ ಕೈ ತಾನಾಗೇ ಬರುತ್ತಲ್ಲ, ನಂದ್ಯಾಕೆ ಬರ್ಲಿಲ್ಲ?" ಎಂದು ಕೇಳಿದೆ.

ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಾ ಹೇಳಿದಳು, "ಯಾರ ಕೈನೂ ತಾನಾಗೇ ಬರಲ್ಲ ಯಜಮಾನ್ರೇ. ಬಂದ ಹಾಗೆ ಕಾಣುತ್ತೆ, ಅಷ್ಟೇ. ಒಳಗಿಂದ ನೀವು ಹೇಳಿದ್ರೆ ಮಾತ್ರ ಕೈ ಏಳೋದು. ಹೇಳಿದ್ದು ನಿಮಗೇ ಗೊತ್ತಾಗದಷ್ಟು ಬೇಗ ಹೇಳಿರ್ತೀರಿ."

ಅವಳು ಅದನ್ನು ಪಾಠದಂತೆ ಹೇಳಲಿಲ್ಲ, ಮಾತಿಗೆ ಮಾತು ಬಂತು, ಹೇಳಿದಳು. ನಾನು ಮಾತ್ರ ಆ ಚಾಪೆಯ ಮೇಲೆ ಬಹಳ ಹೊತ್ತು ಕೂತೆ. "ಪೆಟ್ಟಾಯ್ತಾ?" ಎಂದು ಮೂರು ಸಲ ಕೇಳಿದಳು. ಇಲ್ಲ ಎಂದೆ. ಆ ದಿನ ಮತ್ತೆ ಕನ್ನಡಕ ಹಾಕಿಕೊಳ್ಳಲಿಲ್ಲ, ಪೆನ್ಸಿಲ್ ಕೊಡು ಎಂದು ಕೇಳಿದೆ.

ಪೆನ್ಸಿಲಿಗೆ ಸ್ಪಂಜು ಸುತ್ತಿ ಕೊಟ್ಟಳು. ಮೊದಲ ಅಕ್ಷರ ಕಾಗದದ ಮೇಲೆ ನಿಲ್ಲಲು ಐದು ದಿನ ಹಿಡಿಯಿತು. ಏಳು ಎನ್ನಬೇಕು, ಹಿಡಿ ಎನ್ನಬೇಕು, ಒತ್ತು ಎನ್ನಬೇಕು, ಒತ್ತಿದ್ದು ಸಾಕು ಎನ್ನಬೇಕು. ಒಂದು ಮಾತು ತಪ್ಪಿದರೂ ಕೈ ಸುಮ್ಮನೆ ಬಿದ್ದಿರುತ್ತದೆ. ಎಷ್ಟೋ ಸಲ ನಿಮ್ಮಮ್ಮ, "ಬಿಡಿ, ಮೇಷ್ಟ್ರ ಕೈಲೇ ಬರೆಸಿ. ಅವಳಿಗೆ ಅರ್ಥ ಆಗುತ್ತೆ" ಎಂದಳು. ಬಿಡಲಿಲ್ಲ. ಕೊನೆಯ ಪುಟ ಇಪ್ಪತ್ತು ದಿನದ ಕೆಲಸ. ಕಾಗದ ಮೂರು ಕಡೆ ಹರಿದಿದೆ, ಸಿಟ್ಟಿನಿಂದಲ್ಲ, ಒತ್ತು ಹೆಚ್ಚಾಗಿ.

ಇನ್ನೆರಡು ವಾರದಲ್ಲಿ ಮನೆಗೆ ಕಳಿಸುತ್ತಾರೆ. ಕತ್ತರಿ ಹಿಡಿಯುವಷ್ಟು ಕೈ ಬರುವುದಿಲ್ಲ ಎಂದು ಡಾಕ್ಟರು ಮೊನ್ನೆ ನೇರವಾಗಿ ಹೇಳಿದರು. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅವರ ಕಿವಿಯ ಮುಂದಿನ ಕೂದಲು ನೋಡುತ್ತಿದ್ದೆ, ಎರಡೂ ಕಡೆ ಸಮ ಇತ್ತು. ಅಂಗಡಿಯ ಬೀಗದ ಕೈ ಅಮ್ಮನ ಹತ್ತಿರ ಇದೆ. ಬಾ ಎಂದು ಕರೆಯಲು ಈ ಕಾಗದವಲ್ಲ. ಬರಬೇಡ ಎನ್ನಲೂ ಅಲ್ಲ.

ಮೇಷ್ಟ್ರಿಗೆ ಕಾಫಿ ಬಂತು, ನಿಲ್ಲಿಸುತ್ತೇನೆ. ನಿನ್ನ ಕೈಗೆ ಯಾವತ್ತೂ ನಡುಕ ಬಾರದಿರಲಿ. ಹಿಡಿದ ಕತ್ತರಿ ಹಗುರಾಗಿರಲಿ, ಕುರ್ಚಿಯಿಂದ ಎದ್ದವರು ಕನ್ನಡಿ ನೋಡಿ ನಗಲಿ. ಅಮ್ಮ ನೆನಪು ಹೇಳಿದ್ದಾಳೆ.

ಇಂತಿ,
ನಿನ್ನ ಅಪ್ಪ
(ಬರೆದವರು: ಪಕ್ಕದ ಮಂಚದ ಮೇಷ್ಟ್ರು. ತಪ್ಪುಗಳೇನಾದರೂ ಇದ್ದರೆ ಹೇಳಿದವರದು.)

ವಿ.ಸೂ.

ಇದು ನನ್ನ ಕೈ.

ಆ ದಿನ ಹಳೇ ಗಿರಾಕಿ ನಿನ್ನ ಕೈಗೆ ತಲೆ ಕೊಟ್ಟ. ನೀನು ಚೆನ್ನಾಗಿ ಕತ್ತರಿಸಿದೆ. ನನಗಿಂತ ಚೆನ್ನಾಗಿ.

ಅವನು ಕನ್ನಡಿ ನೋಡಿ, ಇನ್ನು ಮಗಳೇ ಸಾಕು, ನೀನು ಮನೇಲಿರಪ್ಪ ಅಂದ. ಎಲ್ಲರೂ ನಕ್ಕರು. ನೀನೂ ನಕ್ಕೆ. ನನಗೆ ಹೊಟ್ಟೆಕಿಚ್ಚಾಯಿತು.

ಎಲ್ಲರೆದುರು ನಿನ್ನ ಕಪಾಳಕ್ಕೆ ಬಿತ್ತು. ಕೈ ತಾನಾಗಿ ಎದ್ದುಬಿಟ್ಟಿತು ಎಂದು ಅಮ್ಮನ ಹತ್ತಿರ ಹೇಳಿಕಳಿಸಿದೆ.

ನಿನ್ನ ಎಡಗಿವಿ ಇನ್ನೂ ಸರಿಯಾಗಿ ಕೇಳಿಸದು ಎಂದು ಅಮ್ಮ ಈಗ ಹೇಳಿದಳು.

ನಾಲ್ಕು ತಿಂಗಳು ಈ ಕೈ ನೋಡಿದ್ದೇನೆ. ನಾನು ಹೇಳದೆ ಒಂದು ಬೆರಳೂ ಎತ್ತಿಲ್ಲ. ಅವತ್ತೂ ಹೇಳಿದವನು ನಾನೇ.

ಮೇಲೆ ಬಿತ್ತು ಎಂದು ಬರೆದಿದ್ದೇನೆ. ಅದು ತಪ್ಪು. ಅಳಿಸಲು ಕೈಲಾಗದು.

ನಾನು ಹೊಡೆದೆ.