ಕೆಮ್ಮಬಾರದ ಮೂರು ಗಂಟೆ

ಮನೆಯಿಂದ,
ಭಾನುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿಯ ಅಪ್ಪಾ,

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ಕ್ರೇನಿನ ಆ ಗೂಡಿನಲ್ಲಿ ದಿನವಿಡೀ ಮುದುಡಿ ಕೂತರೆ ಸೊಂಟ ತಾನೇ ಏನು ಮಾಡೀತು? ನಿಮ್ಮ ಸೇತುವೆ ಎದ್ದು ನಿಲ್ಲುವ ಹೊತ್ತಿಗೆ ನೀವು ಬಗ್ಗಿಹೋಗಬೇಡಿ. ಅತ್ತೆ ಆರಾಮಾಗಿದ್ದಾರೆ, ಕಿವಿ ಇನ್ನಷ್ಟು ಮಂದವಾಗಿದೆ, ಬಾಯಿ ಮಾತ್ರ ಮೊದಲಿನಷ್ಟೇ ಚುರುಕು. ಆದರೆ ಗುಬ್ಬಿಯ ವಿಷಯದಲ್ಲಿ ನನಗೆ ಭಯವಾಗಿದೆ. ಫೋನಿನಲ್ಲಿ ಹೇಳೋಣವೆಂದರೆ ಗುಬ್ಬಿ ಮಗ್ಗುಲಲ್ಲೇ ಕಿವಿ ನೆಟ್ಟು ಕೂತಿರುತ್ತಾಳೆ. ಅದಕ್ಕೇ ಈ ಕಾಗದ. ನಿಮ್ಮ ಸೈಟಿಗೆ ಸಿಮೆಂಟ್ ತರುವ ಲಾರಿ ಡ್ರೈವರ್ ಸಂಜೆ ಹೊರಡುತ್ತಾನಂತೆ, ಅವನ ಕೈಯಲ್ಲೇ ಕೊಡುತ್ತೇನೆ.

ಮುಂದಿನ ಭಾನುವಾರ ನನ್ನ ಇಂಜಿನಿಯರಿಂಗ್‌ನ ಕೊನೆಯ ಪರೀಕ್ಷೆ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಪಾಠ ಕೇಳುತ್ತ ಇಲ್ಲಿಯವರೆಗೆ ಬಂದೆ. ನಮ್ಮ ನೀರಿನ ಘಟಕದ ದೊಡ್ಡ ಸಾಹೇಬರು ಮೊನ್ನೆ ಪಂಪ್‌ಹೌಸಿಗೇ ಬಂದು, "ಡಿಗ್ರಿ ತಗೊಂಡ್ ಬನ್ನಿ, ಇಂಜಿನಿಯರ್ ಕುರ್ಚಿ ನಿಮ್ದೇ. ಈ ವರ್ಷ ಆಗ್ಲಿಲ್ಲಾಂದ್ರೆ ಬೇರೆಯವ್ರನ್ನ ಕೂರಿಸ್ತೀವಿ" ಎಂದು ಹೇಳಿಹೋದರು. ಆ ಕುರ್ಚಿ ಸಿಕ್ಕರೆ ರಾತ್ರಿ ಪಾಳಿ ತಪ್ಪುತ್ತದೆ, ಗುಬ್ಬಿ ದಿನಾ ನನ್ನ ಪಕ್ಕದಲ್ಲೇ ಮಲಗಬಹುದು.

ಪರೀಕ್ಷೆ ಮನೆಯಲ್ಲೇ, ಕಂಪ್ಯೂಟರ್ ಮುಂದೆ, ಮೂರು ಗಂಟೆ. ಎಲ್ಲೋ ಕೂತ ಒಬ್ಬರು ಕ್ಯಾಮೆರಾದಲ್ಲಿ ನನ್ನನ್ನು ನೋಡುತ್ತ, ಮೈಕಿನಲ್ಲಿ ಕೇಳುತ್ತ ಇರುತ್ತಾರೆ. ಇನ್ನೊಬ್ಬರ ಸದ್ದು ಕೇಳಿಸಕೂಡದು, ನಾನು ಎದ್ದು ಹೋಗಕೂಡದು. ನಮ್ಮದೋ ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಬರೀ ಪರದೆ. ಹಿಂದಿನ ಪರೀಕ್ಷೆಯ ಮಧ್ಯೆ ಗುಬ್ಬಿಗೆ ಉಬ್ಬಸ ಎದ್ದು ಪರದೆಯಾಚೆ ಕೆಮ್ಮಿದಳು. "ಅಲ್ಲಿ ಬೇರೆ ಯಾರೋ ಇದ್ದಾರೆ. ಇನ್ನೊಂದ್ಸಲ ಕೇಳಿಸಿದ್ರೆ ಪರೀಕ್ಷೆ ರದ್ದು" ಎಂದಿತು ಕಂಪ್ಯೂಟರಿನೊಳಗಿನ ಧ್ವನಿ. ಗುಬ್ಬಿ ಅದನ್ನು ಕೇಳಿಸಿಕೊಂಡಿದ್ದಳು. ನಾನೇನೂ ಬಯ್ಯಲಿಲ್ಲ. ಆದರೆ ಆಮೇಲೆ ಅತ್ತೆ ತಲೆ ಬಾಚುತ್ತ, "ನಿನ್ ಕೆಮ್ಮಿಂದ ನಿಮ್ಮಮ್ಮ ಫೇಲಾಗ್ತಿದ್ಲಲ್ಲೇ, ಪುಟ್ಟಿ" ಎಂದು ನಕ್ಕುಬಿಟ್ಟರು. ಅವರು ತಮಾಷೆಗೆ ಅಂದದ್ದೇ. ಮಗು ಅದನ್ನು ಮನಸ್ಸಿಗೆ ಹಚ್ಚಿಕೊಂಡಿತು.

ಅವತ್ತಿನಿಂದ ಮನೆಯಲ್ಲಿ ಸದ್ದಿಲ್ಲ. ನಾಲ್ಕು ಜನರ ಮಾತನ್ನು ಒಬ್ಬಳೇ ಆಡುತ್ತಿದ್ದವಳು ತುದಿಗಾಲಲ್ಲಿ ಓಡಾಡುತ್ತಾಳೆ. ಕೆಮ್ಮು ಬಂದರೆ ಕಣ್ಣು ಕೆಂಪಾಗುವವರೆಗೆ ನುಂಗುತ್ತಾಳೆ. ನನ್ನ ಕೆಲಸ ನಿಮಗೆ ಗೊತ್ತಲ್ಲ, ಪಂಪುಗಳು ಗೊರಗುಡುತ್ತಿದ್ದರೆ ನಾನು ನೆಮ್ಮದಿಯಾಗಿ ಚಹಾ ಕುಡಿಯುತ್ತೇನೆ. ಒಂದು ಸುಮ್ಮನಾದರೂ ಲೋಟ ಇಟ್ಟು ಓಡುತ್ತೇನೆ. ಈಗ ಮನೆಯಲ್ಲೂ ನನಗೆ ಅದೇ ಪಾಡು.

ಕೆಳಗಿನ ಮನೆಯ ನರ್ಸಮ್ಮನ ಹತ್ತಿರ ಬಿಡೋಣವೆಂದರೆ ಆ ದಿನ ಅವರಿಗೆ ಡ್ಯೂಟಿ. ಅತ್ತೆಯ ಜೊತೆ ಹೊರಗೆ ಕಳಿಸೋಣವೆಂದರೆ, ದಾರಿಯಲ್ಲಿ ಉಬ್ಬಸ ಎದ್ದರೆ ಅತ್ತೆಗೆ ಕೇಳಿಸಬೇಕಲ್ಲ. ಏನಾದರೂ ದಾರಿ ಹೊಳೆದರೆ ತಿಳಿಸಿ. ನೀವು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ, ಊಟ ಬಿಡಬೇಡಿ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಸೊಂಟಕ್ಕೆ ಎಣ್ಣೆ ತಿಕ್ಕಿಕೋ ಅಂದಿದ್ದಾರೆ. ಗುಬ್ಬಿಯದು ಎರಡೂ ಕೆನ್ನೆಗೆ ಮುತ್ತು.

ಇಂತಿ ನಿಮ್ಮ,
ನೀವೇ ಛೇಡಿಸುವ ಹಾಗೆ, ಮುಕ್ಕಾಲು ಇಂಜಿನಿಯರ್

ತಾ.ಕ.: ಕಾಗದ ಮಡಚುವಾಗ ಗುಬ್ಬಿ ಕಾಣಲಿಲ್ಲ. ಕೂಗಿದೆ, ಓಗೊಡಲಿಲ್ಲ. ಬಟ್ಟೆಯ ಬೀರು ತೆಗೆದರೆ ಅದರೊಳಗೆ ಕೂತಿದ್ದಾಳೆ, ನಿಮ್ಮ ಸ್ವೆಟರಿನ ತೋಳನ್ನು ಬಾಯಿಗೆ ತುರುಕಿಕೊಂಡು. ತುಟಿ ನೀಲಿಯಾಗಿತ್ತು. ಎಳೆದುಕೊಂಡು ಇನ್ಹೇಲರ್ ಹಿಡಿದೆ. ಉಸಿರು ಬಂದ ಕೂಡಲೇ ಕೇಳಿದ್ದು, "ಅಮ್ಮಾ, ನಾನು ತುಂಬಾ ಕೆಮ್ಮಿದೆ. ನಿಂಗೆ ಕೇಳಿಸ್ತಾ?" ಇಲ್ಲ ಅಂದೆ. ಖುಷಿಯಿಂದ ನಕ್ಕಳು ಕಣ್ರೀ. ಈಗ ಚೆನ್ನಾಗಿದ್ದಾಳೆ, ತೊಡೆಯ ಮೇಲೇ ಇದ್ದಾಳೆ. ರಜೆ ಹಾಕಿ ಶನಿವಾರದೊಳಗೆ ಬನ್ನಿ. ಬರಲಾಗದಿದ್ದರೆ ನಾನು ಪರೀಕ್ಷೆಗೆ ಕೂರುವುದಿಲ್ಲ. ಡಿಗ್ರಿ ಹೋದರೆ ಹೋಗಲಿ, ನಮ್ಮ ಮಗು ಕೆಮ್ಮಲಿ.