ತೆಗೆದವರು ಯಾರು

ಜನವರಿ 9

ಮತ್ತೆ ಅದೇ ಸಾಲು ಓದಿದೆ. ಕಲ್ಲು ಕ್ರಷರ್ ಕಂಪನಿಯ ವರದಿ: ‘ನಲ್ಲಗುಟ್ಟದ ಪಡುವಣ ಭಾಗ ಮೊದಲಿನಿಂದಲೂ ಬಯಲು.’ ಬಯಲಂತೆ. ಪೆರೇಸಂದ್ರದಿಂದ ಬರುವಾಗ ಬಸ್ಸಿನ ಕಿಟಕಿ ತುಂಬ ಇದ್ದ ಬೆಟ್ಟ. ಗುತ್ತಿಗೆಯ ಗಡಿ ದಾಟಿ ಒಡೆದರು, ಲಾರಿಗೆ ತುಂಬಿದರು. ಈಗ ಉಳಿದರ್ಧಕ್ಕೂ ಗುತ್ತಿಗೆ ಬೇಕಂತೆ. ತಿಂಗಳ ಕೊನೆಗೆ ವಿಚಾರಣೆ. ಇದ್ದ ಬೆಟ್ಟ ಇತ್ತೆಂದು ತೋರಿಸುವ ಹೊಣೆ ನಮ್ಮದು!

ಊರಿನ ಮದುವೆ ಆಲ್ಬಮ್ ಎಲ್ಲ ಹುಡುಕಿದೆ. ಮದುಮಕ್ಕಳು ಸ್ಪಷ್ಟ. ಹಿಂದೆ ಬೆಟ್ಟ — ಬರೀ ಮಸುಕು.

ಜನವರಿ 12

ತಂಗಿಯ ಮಗಳು ಗೌತಮಿಗೆ ಆನಿಮೇಷನ್ ಕೆಲಸ. ಹೇಳಿದಳು: “ಮಾವ, ಬೆಟ್ಟ ಅಂದ್ರೆ ಫ್ರ್ಯಾಕ್ಟಲ್. ಬಂಡೆಯೊಳಗೆ ಅದೇ ಥರದ ಚಿಕ್ಕ ಬಂಡೆ, ಅದ್ರೊಳಗೆ ಇನ್ನೂ ಚಿಕ್ಕದು. ನೀವು ನೆನಪಿಂದ ಹೇಳ್ತಾ ಹೋಗಿ, ನಾನು ಕಂಪ್ಯೂಟರಲ್ಲಿ ಬೆಳೆಸ್ತೀನಿ.”

ಹೇಳಿದೆ. ಬೆಳೆಯಿತು. ಆದರೆ ಬುಡದಿಂದ ತುದಿಯವರೆಗೂ ಎಲ್ಲ ಒಂದೇ ಸಮ ಚೂಪು. ಹತ್ತಿರ ಯಾವುದು, ದೂರ ಯಾವುದು... ಕಣ್ಣು ನಂಬುವುದಿಲ್ಲ.

ಜನವರಿ 17

ಗೌತಮಿ ಕಂಪ್ಯೂಟರಿನೊಳಗೇ ಇಲ್ಲದ ಲೆನ್ಸ್ ಒಂದನ್ನು ಕಟ್ಟಿದ್ದಾಳೆ. ಅದರ ಬೇರೆ ಬೇರೆ ಬಿಂದುಗಳಿಂದ ಕಂಪ್ಯೂಟರ್ ಅದೇ ದೃಶ್ಯ ನೋಡಿ ಬೆರೆಸುತ್ತದೆ. ಫೋಕಸ್ ಇಟ್ಟಲ್ಲಿ ಸ್ಪಷ್ಟ, ಉಳಿದದ್ದು ಕರಗುತ್ತದೆ. ಮೊದಲ ಸಲ ಲೆನ್ಸಿನ ಬಾಯಿ ತೀರಾ ಅಗಲವಾಯಿತು. ಪಕ್ಕದ ಮನೆ ನರಸಿಂಹಪ್ಪ ನೋಡಿದ.

“ಏನ್ ಕೆಂಪರಾಜಣ್ಣ, ದಸರಾ ಗೊಂಬೆ ಪಕ್ಕ ಇಡೋಕಾ?”

ನಿಜ. ಹಿಂದೆ ಮುಂದೆ ಎಲ್ಲ ಕರಗಿ ಬೆಟ್ಟ ಅಂಗೈಯಷ್ಟಾಗಿತ್ತು.

ಬಾಯಿ ಕಿರಿದು ಮಾಡಿದಳು. ಮುಂದಿನ ಹುಲ್ಲು ಮಾತ್ರ ಕೊಂಚ ಮಸುಕು. ಬೆಟ್ಟ ದೂರ ಸರಿಯಿತು, ದೊಡ್ಡದಾಯಿತು. ನರಸಿಂಹಪ್ಪ ಆ ಮಸುಕಿಗೆ ಬೆರಳಿಟ್ಟ. “ಇದೇ ಕಣಣ್ಣ, ನಮ್ಮಪ್ಪ ಕುರಿ ನಿಲ್ಲಿಸ್ತಿದ್ದ ಜಾಗ.”

ಅಲ್ಲಿ ಹುಲ್ಲು ಬಿಟ್ಟು ನಾವು ಏನೂ ಮಾಡಿರಲಿಲ್ಲ.

ಜನವರಿ 25

ಜಗಳ. ವಿಡಿಯೋದ ಶುರುವಿನಲ್ಲೇ ‘ಕಂಪ್ಯೂಟರ್ ಚಿತ್ರ’ ಎಂದು ಹಾಕಬೇಕೆನ್ನುತ್ತಾಳೆ ಗೌತಮಿ.

“ಹಾಕಿದ್ರೆ ಅವರ ಲಾಯರ್ರು ಆಟದ ಸಾಮಾನು ಅಂತಾನೆ,” ನರಸಿಂಹಪ್ಪ. “ಹಳೇ ವಿಡಿಯೋ ಅಂದ್ಕೊಂಡ್ರೆ ಅಂದ್ಕೊಳ್ಳಿ ಬಿಡಮ್ಮ.”

“ಮಾವ, ನೀವು ಹೇಳಿ.”

“ನೋಡೋಣ,” ಎಂದೆ. ನಲವತ್ತು ವರ್ಷ ಅಧಿಕಾರಿಗಳ ಬಾಯಲ್ಲಿ ಕೇಳಿ ಕೇಳಿ ರೋಸಿಹೋದ ಮಾತು. ನನ್ನ ಬಾಯಲ್ಲೇ ಬಂತು.

ಜನವರಿ 30, ಬೆಳಿಗ್ಗೆ 11.40, ಚಿಕ್ಕಬಳ್ಳಾಪುರ

ಸಭಾಂಗಣದ ಹೊರಗೆ ಕೂತು ಬರೆಯುತ್ತಿದ್ದೇನೆ. ಟೀ ವಿರಾಮ. ಆ ಎರಡು ಪದ ಹಾಕಿಸಲಿಲ್ಲ.

ಚಿತ್ರ ಮುಗಿದ ಮೇಲೆ ಅಧಿಕಾರಿ ಕೇಳಿದರು: “ಇದನ್ನ ತೆಗೆದಿದ್ದು ಯಾರು? ಯಾವ ವರ್ಷ?”

ನಾನು ಬಾಯಿ ಬಿಡುವ ಮೊದಲೇ ನರಸಿಂಹಪ್ಪ ಎದ್ದ. “ಕ್ರಷರ್‌ನೋರೇ ತೆಗೆದಿದ್ದು ಸಾರ್. ಎರಡು ಸಾವಿರದ ಹನ್ನೆರಡ್ರಲ್ಲಿ.”

ಅವನು ಹೇಳಿದ್ದು ಬೆಟ್ಟ. ಅವರು ಕೇಳಿದ್ದು ವಿಡಿಯೋ.

“ಕಂಪನಿಯವರೇ ತೆಗೆದ ವಿಡಿಯೋ, ಹನ್ನೆರಡನೇ ಇಸವಿ. ಬರ್ಕೊಳ್ರಿ,” ಎಂದರು ಗುಮಾಸ್ತರಿಗೆ. ಕಂಪನಿ ವಕೀಲ ಕಾಗದ ತಡಕಾಡತೊಡಗಿದ. ನರಸಿಂಹಪ್ಪ ನನ್ನ ತೊಡೆ ಅದುಮಿದ. “ಸುಮ್ನಿರಣ್ಣ. ಗೆದ್ವಿ.”

ಗೌತಮಿ ನನ್ನನ್ನೇ ನೋಡುತ್ತಿದ್ದಾಳೆ. ಟೀ ಮುಟ್ಟಿಲ್ಲ.

ಸುಮ್ಮನಿದ್ದರೆ ಉಳಿದರ್ಧ ಉಳಿಯಬಹುದು. ಆಮೇಲೆ ಯಾರ ಸುಳ್ಳನ್ನು ಬೈಯಲಿ, ಯಾವ ಮುಖದಲ್ಲಿ? ಹೇಳಿದರೆ — ಬೆಟ್ಟವೂ ಸುಳ್ಳೆನ್ನುತ್ತಾರೆ.

ಒಳಗೆ ಕರೆಯುತ್ತಿದ್ದಾರೆ. ಹೇಳುತ್ತೇನೆ. ಹೀಗೆ: ಸಾರ್, ಬರೆದುಕೊಂಡದ್ದನ್ನು ತಿದ್ದಿ. ಬೆಟ್ಟ ತೆಗೆದವರು ಅವರೇ. ಚಿತ್ರ ಯಾರೂ ತೆಗೆದದ್ದಲ್ಲ, ಅದು ನಾವು ನೆನಪಿನಿಂದ ಕಟ್ಟಿ—